ಇಸವಿಯ ಕ್ರಮದಲ್ಲಿ ಒಂದು ದಿನ

ಅವ್ವನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ದಾಖಲು ಮಾಡುವ ಹಿಂದಿನ ದಿನ ನಾನು ಅವಳನ್ನು ಪ್ರವಾಸಕ್ಕೆ ಕರೆದೊಯ್ದೆ. ಕಾರು ನಮಗೆಂದೇ ಗೊತ್ತುಮಾಡಿದ್ದು, ಗೈಡ್ ಕೂಡ ನಮಗೆಂದೇ. ಕಂಪ್ಲಿಯಲ್ಲಿ ನಮ್ಮ ಓಣಿಯವರು ಮದುವೆ ಅಥವಾ ಆಸ್ಪತ್ರೆಯ ಕಾರಣವಿಲ್ಲದೆ ಬಾಡಿಗೆ ಕಾರು ಹತ್ತಿದ್ದನ್ನು ನಾನು ಕಂಡಿಲ್ಲ. ನಾವು ಹತ್ತಿದೆವು. ಆ ದಿನದ ಬಗ್ಗೆ ಬರೆಯುವುದರಿಂದ ಯಾವ ಪ್ರಯೋಜನವೂ ಇಲ್ಲವೆಂದು ತಿಳಿದೇ ಬರೆಯುತ್ತಿದ್ದೇನೆ.

ಅವಳ ಕಾಯಿಲೆ ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತ ಹೋಗುವಂಥದ್ದು. ಒಂದು ಕಣ್ಣು ಎಂದೋ ಹೋಗಿತ್ತು, ಇನ್ನೊಂದರ ಅಂಚಿನ ದೃಷ್ಟಿಯೂ ಹೋಗಿತ್ತು. ನಡುವೆ ಮಾತ್ರ ಸ್ವಲ್ಪ ಉಳಿದಿತ್ತು. ಕೊಳವೆಯೊಳಗಿಂದ ಇಣುಕಿದ ಹಾಗೆ ಎಂದು ವೈದ್ಯರು ವಿವರಿಸಿದರು. ಶಸ್ತ್ರಚಿಕಿತ್ಸೆ ಮಾಡದಿದ್ದರೆ ಉಳಿದದ್ದೂ ಹೋಗುತ್ತದೆ, ಮಾಡಿದರೂ ಒಮ್ಮೊಮ್ಮೆ ಹೋಗಿಬಿಡುತ್ತದೆ, ಉಳಿಯುತ್ತದೆಂಬ ಭರವಸೆ ತಾವು ಕೊಡಲಾರೆವು ಎಂದರು. ಅವರು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕ್ರಮಸಂಖ್ಯೆ ಹಾಕಿ ಬರೆದುಕೊಂಡೆ. ಒಳ್ಳೆಯ ಪ್ರಶ್ನೆಗಳನ್ನು ಕೇಳಿದೆನೆಂದು ವೈದ್ಯರು ಮೆಚ್ಚಿದಾಗ, ನಾಚಿಕೆಯಿಂದ ಹೇಳುತ್ತೇನೆ, ನನಗೆ ಸಂತೋಷವಾಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಯಾರಾದರೂ ತಪ್ಪು ಹಿಡಿದಾರೆಂಬ ಭಯದಲ್ಲಿಯೇ ನಾನು ಓದಿದ್ದು, ಮಾತನಾಡುವುದು.

ಬಸ್ಸಿನಲ್ಲಿ ಹಿಂದಿರುಗುವಾಗ, ನೋಡಬೇಕೆಂಬ ಆಸೆ ಏನಾದರೂ ಇದೆಯೇ ಎಂದು ಅವಳನ್ನು ಕೇಳಿದೆ. ಮೊಮ್ಮಕ್ಕಳು ಎನ್ನಬಹುದಿತ್ತು, ದೇವರು ಎನ್ನಬಹುದಿತ್ತು.

"ಆ ಹೊಂಡ ನೋಡ್ಬೇಕವ್ವ," ಎಂದಳು. "ನಾವು ಮಣ್ಣು ಹೊತ್ತದ್ದು. ಪೂರಾ ತಗದಾರಂತ."

ನಾನು ಹುಟ್ಟುವ ಮುಂಚೆ ಅವ್ವ ಹಂಪಿಯ ಉತ್ಖನನದಲ್ಲಿ ಕೂಲಿಯಾಗಿದ್ದಳು. ಅವಳ ತಂಡ ಕಂಪ್ಲಿಯ ಕಡೆಯಿಂದ ಹೋಗಿ ಅಲ್ಲಿಯೇ ಗುಡಿಸಲು ಹಾಕಿಕೊಂಡಿತ್ತು. ಗಂಡಸರು ಸಲಿಕೆಯಿಂದ ತುಂಬಿಕೊಟ್ಟ ಮಣ್ಣಿನ ಪುಟ್ಟಿಯನ್ನು ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು ಮೇಲಕ್ಕೆ ಸಾಗಿಸುತ್ತಿದ್ದರು. ರಾಜರ ಆವರಣದಲ್ಲಿ ಈಗ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವ ಮೆಟ್ಟಿಲುಗಳ ಹೊಂಡ ಆಗ ಬರಿಯ ಮಣ್ಣು. ಮೊದಲು ಒಂದು ಮೂಲೆ, ಬಳಿಕ ಒಂದು ಮೆಟ್ಟಿಲು, ಅದರ ಕೆಳಗೆ ಇನ್ನೊಂದು. ಕಲ್ಲಿನ ಮೇಲೆ ನೀರು ಸುರಿದು ತಿಕ್ಕಿದರೆ ಎಣ್ಣೆ ಹಚ್ಚಿದಂತೆ ಕಪ್ಪಗೆ ಹೊಳೆಯುತ್ತಿತ್ತಂತೆ. ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕಟ್ಟಿದವರು ಆ ಕಲ್ಲುಗಳ ಮೇಲೆ ಗುರುತಿನ ಅಕ್ಷರ ಕೆತ್ತಿದ್ದಾರೆ. ಅದನ್ನು ಕಂಡ ಹೆಂಗಸರು, "ಕಲ್ಲಿಗೂ ಅಕ್ಷರ ಬರ್ತಾವ, ನಮಗ ನೋಡು, ಪುಟ್ಟಿ ಒಂದ ಬರ್ತೈತಿ" ಎಂದು ನಗುತ್ತಿದ್ದರಂತೆ.

ಹೊಂಡ ಅರ್ಧ ಹೊರಬಂದಾಗ ನಾನು ಹೊಟ್ಟೆಯಲ್ಲಿದ್ದುದು ಕಾಣತೊಡಗಿತು. ಮೇಲ್ವಿಚಾರಕರು ಅವಳನ್ನು ಕೆಲಸದಿಂದ ಕಳಿಸಿದರು. ಆಮೇಲೆ ಬತ್ತದ ನಾಟಿ, ಅಕ್ಕಿ ಗಿರಣಿಯ ಕಣ, ಅಪ್ಪನ ಸಾವು, ನನ್ನ ಓದು. ಹಂಪಿಯ ವಿರೂಪಾಕ್ಷನ ಗುಡಿಗೆ ಓಣಿಯ ಹೆಂಗಸರ ಜೊತೆ ಟ್ರ್ಯಾಕ್ಟರಿನಲ್ಲಿ ಎರಡು ಮೂರು ಸಲ ಹೋಗಿ ಬಂದಿದ್ದಳು. ಹೊಳೆಯಲ್ಲಿ ಸ್ನಾನ, ಕಾಯಿ ಒಡೆಸುವುದು, ಬುತ್ತಿ ಉಂಡು ಹಿಂದಕ್ಕೆ. ಎರಡು ಮೈಲು ಆಚೆಗಿದ್ದ ಹೊಂಡಕ್ಕಾಗಿ ಟ್ರ್ಯಾಕ್ಟರು ಯಾರಿಗೂ ನಿಲ್ಲುವುದಿಲ್ಲ. ಹೀಗಾಗಿ ಅದರ ತಳವನ್ನು ಅವಳು ಕಂಡಿರಲಿಲ್ಲ.

ಇಷ್ಟು ಸರಳವಾದ ಆಸೆಯನ್ನು ನಾನು ಏನು ಮಾಡಿದೆನೆಂಬುದನ್ನು ಈಗ ಹೇಳಬೇಕು.

ಅವಳಿಗೆ ಎಲ್ಲವನ್ನೂ ತೋರಿಸಬೇಕೆಂದು ನಿರ್ಧರಿಸಿದೆ. ತೋರಿಸುವುದಾದರೆ ಕ್ರಮಬದ್ಧವಾಗಿ ತೋರಿಸಬೇಕು. ಮೂರು ಸಂಜೆ ಕುಳಿತು, ಪುಸ್ತಕಗಳನ್ನು ಹರವಿಕೊಂಡು, ಆ ದಿನದ ಪಟ್ಟಿಯನ್ನು ಇಸವಿಯ ಪ್ರಕಾರ ತಯಾರಿಸಿದೆ. ಎಲ್ಲಕ್ಕಿಂತ ಹಳೆಯದು ಸಂಡೂರಿನ ಬೆಟ್ಟದ ಪಾರ್ವತಿಯ ಗುಡಿ, ಅದು ಮೊದಲು. ಅನಂತರ ಹಂಪಿಯ ವಿರೂಪಾಕ್ಷ. ಅನಂತರ ಮಲಪನಗುಡಿಯ ಮೆಟ್ಟಿಲು ಬಾವಿ. ಹೊಂಡವು ತೀರ ಈಚೆಗೆ ಬೆಳಕಿಗೆ ಬಂದದ್ದಾದ್ದರಿಂದ ಕೊನೆಗೆ. ಸಂಜೆಯ ಇಳಿಬಿಸಿಲಿನಲ್ಲಿ ಕಪ್ಪು ಕಲ್ಲಿಗೆ ಅಂದ ಹೆಚ್ಚು ಎಂದು ಎಲ್ಲಿಯೋ ಓದಿದ್ದೂ ಇತ್ತು.

ಗೈಡ್ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ನಮಗಾಗಿ ಕಾದಿದ್ದ. ಕಾರು ಅವನದೇ, ಓಡಿಸುವವನೂ ಅವನೇ, ಮಲಪನಗುಡಿಯವನು. ನನ್ನ ಪಟ್ಟಿಯನ್ನು ಓದಿ ಒಮ್ಮೆ ನನ್ನ ಮುಖ ನೋಡಿದ.

"ಮೇಡಂ, ಇಸವಿ ಪ್ರಕಾರ ಯಾರೂ ಊರು ಸುತ್ತಂಗಿಲ್ರಿ," ಎಂದ. "ಸಂಡೂರಿಗೆ ಹೋಗಿ ಮತ್ತ ಹಂಪಿಗೆ ಬಂದು, ಮತ್ತ ನಮ್ಮೂರಿಗೆ ಬಂದು, ಮತ್ತ ಹಂಪಿಗೆ ಹೋಗ್ಬೇಕ್ರಿ. ಅಮ್ಮಾರು ಏನ್ ನೋಡ್ಬೇಕಂತಾರ?"

"ಹೊಂಡವನ್ನು ನೋಡಬೇಕು ಅನ್ನುತ್ತಾರೆ."

"ಹಂಗಾರ ಈಗ ಸೀದಾ ಅಲ್ಲಿಗೇ ಹೋಗಾಣ್ರಿ. ತಂಪು ಹೊತ್ತು. ಜನ ಇರಂಗಿಲ್ಲ."

ಅವ್ವ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು. ನಾನು ಅವಳ ಕಡೆ ತಿರುಗಲಿಲ್ಲ. ಬಾಡಿಗೆಯ ಕಾರಿನವರು ತಮ್ಮ ಅನುಕೂಲಕ್ಕೆ ದಾರಿ ಬದಲಿಸುತ್ತಾರೆ, ಓದಿದವರು ಬಗ್ಗಬಾರದು ಎಂದು ಯಾರೋ ಹೇಳಿದ್ದು ತಲೆಯಲ್ಲಿತ್ತು. "ದಯವಿಟ್ಟು ಪಟ್ಟಿಯಂತೆಯೇ ಹೋಗೋಣ," ಎಂದೆ. ಪುಸ್ತಕದ ಕನ್ನಡದಲ್ಲಿ ಹೇಳಿದೆ. ಅವನು ಬೆಲ್ಟು ಹಾಕಿಕೊಂಡು, "ಆತ್ರಿ," ಎಂದ.

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮುಂದೆಲ್ಲಿಯೋ ಒಂದು ಲಾರಿಯ ಅಚ್ಚು ಮುರಿದಿತ್ತು. ರಸ್ತೆ, ಗಿಡ, ಗುಡಾರದ ಹೋಟೆಲು, ಅದರ ಮುಂದೆ ಚಹಾ ಕುಡಿಯುತ್ತಿದ್ದವರ ಹುಬ್ಬು, ಎಲ್ಲವೂ ಕೆಂಪು. ನಾವು ಬಹಳ ಹೊತ್ತು ಅಲ್ಲಾಡದೆ ಕುಳಿತೆವು. ನಾನು ಗಡಿಯಾರ ನೋಡುತ್ತಿದ್ದೆ. ಅವ್ವ ಮತ್ತು ಗೈಡ್ ಮಾತಿಗಿಳಿದಿದ್ದರು.

"ಅಮ್ಮಾರ, ನೀವು ಮಣ್ಣು ಹೊತ್ತೀರಂತಲ್ರಿ? ನಾ ದಿನಾ ಆ ಹೊಂಡ ತೋರ್ಸಿ ಉಣ್ತೀನಿ. ನೀವು ಹೊರಲಿಲ್ಲಂದ್ರ ನಂದು ಉಪಾಸ."

"ನಾ ಒಬ್ಬಾಕಿನೇನಪ್ಪ? ಹೊಗಳಬ್ಯಾಡ. ಹಾವು ಬಂದ್ರ ಮೊದ್ಲು ಓಡಾಕಿ ನಾನ."

"ಬಂಗಾರ ಏನರ ಸಿಕ್ಕಿತ್ತೇನ್ರಿ? ಖರೇ ಹೇಳ್ರಿ. ಸೊಂಟಕ್ಕ ಸಿಗಿಸ್ಕಂಡು ಬಂದೀರಿ ಹೌದಿಲ್ಲೋ?"

"ಬಂದಿದ್ರ ನಿನ್ನ ಕಾರಿನ್ಯಾಗ ಯಾಕ ಕುಂದ್ರತಿದ್ದೆ? ನಂದ ಕಾರು ಇರ್ತಿತ್ತು, ನೀ ಓಡ್ಸತಿದ್ದಿ."

ಅವನು ಸ್ಟಿಯರಿಂಗ್ ತಟ್ಟಿಕೊಂಡು ನಕ್ಕ. ಆ ದಿನ ಅವಳು ನಕ್ಕದ್ದು ಅಲ್ಲಿಯೇ, ಲಾರಿಗಳ ನಡುವೆ. ಅದು ನನ್ನ ಪಟ್ಟಿಯಲ್ಲಿ ಇರದ ಸ್ಥಳ.

ಪಾರ್ವತಿಯ ಗುಡಿಯನ್ನು ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಾನು ವಿವರಿಸಿದೆ: ಯಾವ ಅರಸರ ಕಾಲ, ಶಿಖರದ ಯಾವ ಶೈಲಿ, ಯಾವ ಕಲ್ಲು. ಗೈಡ್ ನಡುವೆ ಒಂದು ಕತೆ ಹೇಳಹೊರಟ. ಅದಕ್ಕೆ ಆಧಾರವಿಲ್ಲವೆಂದು ತಿದ್ದಿದೆ. ಅವ್ವ ಗೋಡೆಯ ಹತ್ತಿರ ಮುಖ ಒಯ್ದು, ತಲೆಯನ್ನು ಮೆಲ್ಲಗೆ ಅತ್ತಿಂದಿತ್ತ ತಿರುಗಿಸುತ್ತ, ತನಗುಳಿದ ಆ ಕೊಳವೆಯಷ್ಟು ನೋಟದಲ್ಲಿ ಒಂದೊಂದೇ ಕೆತ್ತನೆಯನ್ನು ಹಿಡಿಯಲು ನೋಡುತ್ತಿದ್ದಳು.

"ಇದನ್ನ ಅಗದು ತಗದಾರೇನು?" ಎಂದು ಕೇಳಿದಳು.

"ಇಲ್ಲವ್ವ, ಇದು ಮೊದಲಿನಿಂದಲೂ ಮೇಲೆಯೇ ಇದೆ."

"ಹೂಂ," ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಹಂಪಿಗೆ ಬಂದಾಗ ಊಟದ ಹೊತ್ತು ಮೀರಿತ್ತು. ವಿರೂಪಾಕ್ಷನಿಗೆ ಕೈಮುಗಿದು ಬಂದು, ಬಜಾರಿನ ಕಲ್ಲಿನ ಸಾಲುಮಂಟಪಗಳಲ್ಲೊಂದರ ನೆರಳಿಗೆ ಕುಳಿತು ಬುತ್ತಿ ಬಿಚ್ಚಿದೆವು. ಗೈಡ್‌ಗೂ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವನು ನನಗೆ ಕೇಳದಂತೆ ಏನನ್ನೋ ಕೇಳಿದ, ಅವಳು ಬೇಡವೆಂಬಂತೆ ತಲೆಯಾಡಿಸಿದಳು. ಏನು ಕೇಳಿದನೆಂದು ಬಹಳ ದಿನಗಳ ಮೇಲೆ ಅವಳೇ ಹೇಳಿದಳು: "ಈಗ ಹೊಂಡಕ್ಕ ಹೋಗಿಬಿಡಾಣೇನ್ರಿ ಅಂದ. ಬ್ಯಾಡಪ್ಪ, ಆಕಿ ಬರದಾಳ ಅಂದೆ."

ಆಕಿ ಬರದಾಳ. ಅಕ್ಷರ ಬಲ್ಲವರು ಬರೆದದ್ದನ್ನು ಪ್ರಶ್ನಿಸಬಾರದೆಂಬುದನ್ನು ಅವಳು ಆ ಹೊಂಡದಲ್ಲಿಯೇ ಕಲಿತಿದ್ದಳು. ಅಲ್ಲಿ ಸಾಹೇಬರು ಕಾಗದ ನೋಡಿ ಇಲ್ಲಿ ಅಗೆಯಿರಿ ಎಂದರೆ ಅಗೆಯಬೇಕು, ನಿಲ್ಲಿಸಿ ಎಂದರೆ ಸಲಿಕೆ ಅಲ್ಲಿಯೇ ನಿಲ್ಲಬೇಕು. ಕಾಗದದಲ್ಲಿ ಏನಿದೆಯೆಂದು ಕೂಲಿಯವರು ಕೇಳುವುದಿಲ್ಲ. ನಾನು ಓದಿ ದೊಡ್ಡವಳಾದೆನೆಂದು ಅವಳು ಹೆಮ್ಮೆಪಡುತ್ತಿದ್ದಾಳೆಂದು ತಿಳಿದಿದ್ದೆ. ಅವಳ ಮುಂದೆ ನಾನೂ ಕಾಗದ ಹಿಡಿದು ನಿಂತವಳಾದೆನೆಂಬುದು ನನಗೆ ಹೊಳೆಯಲಿಲ್ಲ.

ಮಲಪನಗುಡಿಯ ಬಾವಿ ಊರಿನ ಅಂಚಿನಲ್ಲಿದೆ. ಗೈಡ್‌ನ ಮುಖ ಅರಳಿತು. ತನ್ನ ಬಾಲ್ಯವೆಲ್ಲ ಅಲ್ಲಿ ಕಳೆದದ್ದೆಂದು ಹೇಳುತ್ತ, ಅವ್ವನ ಕೈ ಹಿಡಿದು, ಕಮಾನಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ. ಅವಳು ಎಡಗೈಯನ್ನು ಗೋಡೆಗೆ ಸವರುತ್ತ ಇಳಿದಳು. ಅರ್ಧ ದಾರಿಯಲ್ಲಿ ನಿಂತು ಕಲ್ಲಿನ ಸಂದಿಯಲ್ಲಿ ಬೆರಳಾಡಿಸಿ, "ಒಳ್ಳೆ ಕೂಡ್ಸ್ಯಾರ," ಎಂದಳು. ನಾನು ಮೇಲಿನಿಂದ, "ಅವ್ವ, ಹೊತ್ತಾಗುತ್ತಿದೆ," ಎಂದು ಕೂಗಿದೆ.

ಮೇಲೆ ಬರುವಾಗ ಅವಳು ಕಮಾನಿನ ನೆರಳಿನಲ್ಲಿ ತಟ್ಟನೆ ನಿಂತಳು. ಒಂದು ಕಾಲನ್ನು ಎತ್ತಿ, ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಗಾಳಿಯಲ್ಲಿ ಹಿಡಿದಿದ್ದಳು. ಮಂಡಿನೋವು ಎಂದುಕೊಂಡೆ. "ಎಣ್ಣೆ ಹಚ್ಚಿಕೊಂಡಿಲ್ಲವಾ?" ಎಂದು ಗದರಿದೆ. ಅವಳು ಇಲ್ಲವೆಂದಳು.

ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ರಾಜರ ಆವರಣದ ಗೇಟಿಗೆ ಬಂದಾಗ ಕಾವಲುಗಾರ ಇನ್ನು ಸ್ವಲ್ಪ ಹೊತ್ತಿಗೆ ಮುಚ್ಚುವುದಾಗಿ ಹೇಳಿದ. ನಾವು ಬೇಗ ನಡೆದೆವು. ಬೇಗ ಎಂದರೆ, ಗೈಡ್ ಒಂದು ಕಡೆ, ನಾನು ಒಂದು ಕಡೆ ಅವಳ ತೋಳು ಹಿಡಿದು, ಅವಳು ಉಬ್ಬುತಗ್ಗಿನಲ್ಲಿ ಮುಗ್ಗರಿಸುತ್ತ. ಸೂರ್ಯ ಗುಡ್ಡದ ಬಂಡೆಗಳ ಹಿಂದೆ ಇಳಿದಿದ್ದ. ಆಕಾಶದಲ್ಲಿ ಬೆಳಕಿತ್ತು, ನೆಲದ ಮೇಲೆ ಇರಲಿಲ್ಲ. ಆದರೂ ನನಗೆ ಎಲ್ಲವೂ ಕಾಣುತ್ತಿತ್ತು. ಆದ್ದರಿಂದ ಅವಳಿಗೂ ಕಾಣುತ್ತಿದೆಯೆಂದು ತಿಳಿದೆ.

ಹೊಂಡದ ಅಂಚಿನಲ್ಲಿ ತಡೆಗಂಬಿ ಇದೆ. ಯಾರೂ ಇಳಿಯುವಂತಿಲ್ಲ. ಅವಳ ಕೈಯನ್ನು ಕಂಬಿಯ ಮೇಲಿಟ್ಟು ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಅವಳು ತನ್ನ ಪಾಡಿಗೆ ನೋಡಲಿ ಎಂಬ ಉದ್ದೇಶದಿಂದ. ಅವಳು ಬಹಳ ಹೊತ್ತು ನಿಂತಳು.

"ಭಾಳ ಚೆಂದ ಐತೆವ್ವ," ಎಂದಳು.

ಅವಳ ಮುಖ ಹೊಂಡದ ಕಡೆ ಇರಲಿಲ್ಲ. ಕಂಬಿ ಅಲ್ಲಿ ಮೂಲೆ ತಿರುಗುತ್ತದೆ. ಅವಳು ಅದರ ಜೊತೆಗೆ ತಿರುಗಿ, ಹುಲ್ಲು ಬೋಳಿಸಿದ ಖಾಲಿ ಬಯಲಿನ ಕಡೆ ನೋಡುತ್ತ ಚೆಂದ ಇದೆ ಎನ್ನುತ್ತಿದ್ದಳು. ಗೈಡ್ ನನಗಿಂತ ಮುಂಚೆ ಅದನ್ನು ಕಂಡಿದ್ದ. ಅವನು ನೆಲ ನೋಡುತ್ತಿದ್ದ.

ನಾನು ಅವಳ ಭುಜ ಹಿಡಿದು ತಿರುಗಿಸಿದೆ. "ಅವ್ವ, ಈ ಕಡೆ."

"ಈ ಕಡೀಗೇನು?" ಎಂದು ಕಣ್ಣು ಕಿರಿದುಮಾಡಿದಳು.

"ಕಾಣುತ್ತಿಲ್ಲವಾ?"

"ಹೊತ್ತು ಮುಣುಗಿದ್ರ ನನಗ ಏನೂ ಕಾಣಂಗಿಲ್ಲವ್ವ. ವರ್ಷ ಆಗಿರಬೇಕು. ಬೆಳಕಿನ್ಯಾಗ ಅಷ್ಟ."

ವರ್ಷ. ಅದೇ ಮನೆಯಲ್ಲಿ ನಾನಿದ್ದೆ. ಅವಳು ಇಳಿಹೊತ್ತಿಗೇ ಅಡುಗೆ ಮುಗಿಸಿ ಗೋಡೆಗೊರಗಿ ಕೂರುವುದನ್ನು ವಯಸ್ಸಿನ ದಣಿವು ಎಂದುಕೊಂಡಿದ್ದೆ. ವೈದ್ಯರಿಗೆ ಅಷ್ಟು ಪ್ರಶ್ನೆ ಕೇಳಿದ್ದೆ. ನಿನಗೆ ಯಾವ ಹೊತ್ತಿನಲ್ಲಿ ಎಷ್ಟು ಕಾಣುತ್ತದೆ ಎಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

"ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ? ಅವರು ಮೊದಲು ಇಲ್ಲಿಗೇ ಬರೋಣ ಅಂದರಲ್ಲ?"

"ನೀನು ಮೂರು ದಿನ ಕುಂತು ಬರದಿದ್ದಿ. ಅದಕ್ಕ ಏನರ ಕಾರಣ ಇರ್ತೈತಿ ಅಂದ್ಕಂಡೆ."

ಕಾರಣವೇನೋ ಇತ್ತು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಅಂದೂ ಇರಲಿಲ್ಲ, ಈಗಲೂ ಇಲ್ಲ.

"ನಾಳಿ ಮುಂಜಾನಿ ಬರ್ರಿ ಮೇಡಂ," ಎಂದು ಗೈಡ್ ಮೆಲ್ಲಗೆ ಹೇಳಿದ. "ಗೇಟು ತಗದ ಕೂಡ್ಲೆ. ನಾ ಬಂದು ಕರಕಂಡು ಬರ್ತೀನಿ. ಬಾಡಿಗಿ ಮಾತು ಬ್ಯಾಡ್ರಿ." ಮರುದಿನ ಬೆಳಿಗ್ಗೆ ನಾವು ಬಳ್ಳಾರಿಯ ಆಸ್ಪತ್ರೆಯಲ್ಲಿರಬೇಕೆಂದು ಹೇಳಿದೆ. ದಿನವನ್ನು ಮುಂದೂಡಬಹುದೇ ಎಂದು ಅವನು ಕೇಳಿದ. ಒತ್ತಡ ಏರಿರುವುದರಿಂದ ಗೊತ್ತುಮಾಡಿದ ದಿನಕ್ಕಿಂತ ಒಂದು ದಿನವೂ ತಡಮಾಡುವಂತಿಲ್ಲವೆಂದು ವೈದ್ಯರು ಹೇಳಿದ್ದರು. ಅದನ್ನು ಕೂಡ ನಾನು ಬರೆದುಕೊಂಡಿದ್ದೆ.

ಅವ್ವ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. "ಹೋಗ್ಲಿ ಬಿಡು. ನೀ ನೋಡಿ ಹೇಳು. ಬುಡದ ತನಾ ತಗದಾರೇನು?"

ಆಗ ನಾನು ಮಾತನಾಡಿದೆ. ಏನು ಹೇಳಿದೆನೆಂಬುದು ಶಬ್ದಶಃ ನೆನಪಿದೆ, ಏಕೆಂದರೆ ಅದು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುವುದೇ ಆಗಿತ್ತು. "ಇದು ಚೌಕಾಕಾರದ ಪುಷ್ಕರಣಿ. ಕಪ್ಪು ಬಳಪದ ಕಲ್ಲಿನಿಂದ ನಿರ್ಮಿತವಾಗಿದೆ. ನಾಲ್ಕು ದಿಕ್ಕುಗಳಿಂದಲೂ ಸಮಪ್ರಮಾಣದ ಸೋಪಾನಗಳು ಹಂತಹಂತವಾಗಿ ತಳದವರೆಗೆ ಇಳಿಯುತ್ತವೆ." ತಪ್ಪು ಸಿಕ್ಕಿಬಿದ್ದಾಗ ನನಗೆ ಬರುವುದು ಕಂಠಪಾಠ ಮಾಡಿದ್ದು ಮಾತ್ರ. ಬೇರೆ ಮಾತು ಹುಡುಕಿದೆ, ಒಂದೂ ಸಿಗಲಿಲ್ಲ. ಅದನ್ನೇ ಇನ್ನೊಮ್ಮೆ ಹೇಳಿದೆ. ಅವಳು ತಲೆ ತಗ್ಗಿಸಿ, ತುಟಿ ಅಲ್ಲಾಡಿಸುತ್ತ ಕೇಳಿಸಿಕೊಂಡಳು. ಕಾವಲುಗಾರ ಸೀಟಿ ಊದಿದ.

ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ವೈದ್ಯರು ಅವಳ ಮುಂದೆ ಬೆರಳು ಹಿಡಿದರು. ಆಮೇಲೆ ಕೈ ಬೀಸಿದರು. ಆಮೇಲೆ ಟಾರ್ಚ್ ಹಾಕಿದರು. ಟಾರ್ಚ್ ಬಂದ ದಿಕ್ಕು ಯಾವುದೆಂದು ಕೇಳಿದಾಗ ಅವಳು ಊಹಿಸಿದಳು, ಊಹೆ ತಪ್ಪಿತ್ತು. ಹೀಗಾಗಬಹುದೆಂದು ಅವರು ಮೊದಲೇ ಹೇಳಿದ್ದರು. ನಾನು ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ. ಸಿಟ್ಟಾಗಲು ಒಬ್ಬರಾದರೂ ಸಿಕ್ಕಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಕಂಪ್ಲಿಗೆ ಮರಳಿದ ಮೇಲೆ ಓಣಿಯವರು ನೋಡಲು ಬಂದರು. ಅವಳ ಜೊತೆ ಗಿರಣಿಯ ಕಣದಲ್ಲಿ ಬತ್ತ ಹರವುತ್ತಿದ್ದ ಗೆಳತಿಯೊಬ್ಬಳು ಮಂಚದ ಪಕ್ಕ ಕುಳಿತು, "ಹೋಗ್ಲಿ, ನಿನ್ನ ಹೊಂಡನರ ನೋಡಿದೆಲ್ಲ, ಪುಣ್ಯ," ಎಂದಳು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನೋಡಿದೆ," ಎಂದಳು ಅವ್ವ.

"ಹೆಂಗೈತಿ?"

ಅವ್ವ ನೆಟ್ಟಗೆ ಕುಳಿತುಕೊಂಡಳು. ಮಣ್ಣಿನ ಬಗ್ಗೆ ಹೇಳುತ್ತಾಳೆ, ನೀರು ಹಾಕಿ ತಿಕ್ಕಿದ ಕಲ್ಲಿನ ಬಗ್ಗೆ ಹೇಳುತ್ತಾಳೆ ಎಂದು ಕಾದೆ. ಚಿಕ್ಕಂದಿನಲ್ಲಿ ನನಗೆ ಹಾಗೆಯೇ ಹೇಳುತ್ತಿದ್ದಳು. ಅವಳು ಗಂಟಲು ಸರಿಪಡಿಸಿಕೊಂಡು, ಒಂದೊಂದೇ ಪದವನ್ನು ಬಿಡಿಸಿ, ತಪ್ಪಾಗದಂತೆ ಎಚ್ಚರದಿಂದ ಹೇಳಿದಳು: "ಚೌಕಾಕಾರದ ಪುಷ್ಕರಣಿ. ಕಪ್ಪು ಬಳಪದ ಕಲ್ಲಿನಿಂದ ನಿರ್ಮಿತ ಆಗೈತಿ. ನಾಲ್ಕೂ ದಿಕ್ಕಿಲೆ ಸಮಪ್ರಮಾಣದ ಸೋಪಾನಗಳು ಅದಾವ."

ಗೆಳತಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹೌದೌದು ಎಂದಳು. ಆಮೇಲೆ, ಮಾತು ಬೆಳೆಸಲೆಂದು, "ಬುಡದಾಗ ನೀರು ಅದಾವೇನು?" ಎಂದು ಕೇಳಿದಳು.

ಅವ್ವ ನಾನಿಲ್ಲದ ದಿಕ್ಕಿಗೆ ಮುಖ ತಿರುಗಿಸಿದಳು.

"ಅದನ್ನ ಈಕಿ ಹೇಳಲಿಲ್ಲ ನೋಡು," ಎಂದಳು.

ನೀರಿತ್ತೋ ಇಲ್ಲವೋ ನನಗೂ ತಿಳಿಯದು. ಅಂದು ನಾನು ಹೊಂಡದೊಳಕ್ಕೆ ನೋಡಿಯೇ ಇರಲಿಲ್ಲ. ಚಹಾದ ಲೋಟವನ್ನು ಗೆಳತಿಯ ಕೈಗೆ ಕೊಟ್ಟು, ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದೆ.